ಕಾವು

ಇಲ್ಲಿಂದ ಸಮುದ್ರ ಕಾಣ್ತದ.
ಝುವಾರಿನಗರದ ಈ ಚಿರೇಕಲ್ಲಿನ ದಿಬ್ಬದ ಮ್ಯಾಲೆ
ತಗಡಿನ ಖೋಲಿ ಮುಂದ ಕುಂತು
ಎಷ್ಟು ಹಡಗ ನಿಂತಾವ ಅಂತ ಎಣಿಸಬಹುದು.
ಕೊಡ ಮಾತ್ರ ತುಂಬೂದಿಲ್ಲ.
ಟ್ಯಾಂಕರ್ ಬುಧವಾರ ಬರ್ತದ,
ಬಂದರ.

ಖಾರಿವಾಡೆ ಜೆಟ್ಟಿಯೊಳಗ ಬರ್ಫದ ಪೆಟ್ಟಿಗಿ ಹೊರೂದು ನನ್ನ ಕೆಲಸ.
ನಸಿಕಿನಾಗ ಹೋಗಿ ಹನ್ನೊಂದಕ್ಕ ತಿರುಗಿ ಬರೂವಾಗ
ಪೇಂಟಿನ ಡಬ್ಬಿಯೊಳಗ ಉಳಿದ ಬರ್ಫ,
ಅದರ ಮೈಗೆ ಅಂಟಿದ ತಾರ್ಲಿ ಮೀನಿನ ಹುರುಪಿ.
ಬಸ್ಸಿನ್ಯಾಗ ಮಂದಿ ಮೂಗು ಮುಚ್ಚತಾರ.
ಅರ್ಧ ಅಲ್ಲೇ ಕರಗತದ, ಇನ್ನರ್ಧ ದಿಬ್ಬ ಏರೂದ್ರಾಗ.
ಉಳಿದ ಹಿಡಿಯಷ್ಟು ನೋಡಿ ಯಮನವ್ವ ಕೇಳ್ತಾಳ:
ಇದು ನಮಗೋ, ನಿನ್ನ ಬೀಗರಿಗೋ?

ಬೀಗರು ಐದು ಮಂದಿ.
ಹುಂಜ ಒಂದು, ಅದು ಬ್ಯಾಸಗ್ಯಾಗ ಕೂಗೂದು ಬಿಟ್ಟದ.
ಹನ್ನೆರಡಾತು ಅಂದರ ಎಲ್ಲಾ ಪಾಯಖಾನಿ ಗ್ವಾಡಿ ನೆರಳಿಗೆ ಬಂದು
ಚುಂಚು ತಗದು ತೇಕತಾವ,
ಕಂಕುಳಾಗ ಕುರು ಎದ್ದವರಂಗ
ರೆಕ್ಕಿ ಮೈಗೆ ಹತ್ತಗೊಡದ ನಿಲ್ತಾವ.
ಒಡದ ಗಡಿಗಿ ತಳದಾಗ ಬರ್ಫ ಸುರುವಿದರ
ಮೊದಲು ಕಾಲು ಇಡ್ತಾವ, ಆಮ್ಯಾಲೆ ಕುಡೀತಾವ.
ಕಲ್ಲಂಗಡಿ ಸಿಪ್ಪಿ ಒಗದರ
ಕಾಗದದಷ್ಟು ತೆಳ್ಳಗ ಆಗೂತನಕ ಬಿಡೂದಿಲ್ಲ.
ತತ್ತಿ ಚಿಪ್ಪೂ ಈಗ ಹಂಗ.
ಜೋರ ಹಿಡದರ ಬೆರಳು ಒಳಗ.

ಕೆಳಗಿನ ಎಸ್ಪೆರಾನ್ಸಾ ಬಾಯಿ ಹತ್ರ ಬಾವಿ ಅದ.
ನಾಕು ತತ್ತಿಗೆ ಒಂದು ಬಕೆಟ್ ನೀರು, ಇದು ನಮ್ಮ ಲೆಕ್ಕ.
ಹೋದ ವಾರ ಆಕಿ ತಕರಾರು ತಗದಳು:
ಕೇಕ್ ಮಾಡಿದೆ, ಮೀನಿನ ವಾಸನಿ ಹೊಡೀತು.
ಈಗ ಐದು ತತ್ತಿ.

ಇಂಥಾದ್ರಾಗ ಚುಕ್ಕಿ ಕಾವಿಗೆ ಕುಂತಳು.
ಮೇ ತಿಂಗಳಾಗ ಯಾರರೆ ಕೂಡಸ್ತಾರೇನು?
ಹಳೇ ಟೈರಿನ್ಯಾಗ, ಹನ್ನೊಂದು ತತ್ತಿ ಮ್ಯಾಲೆ,
ಮುಟ್ಟಾಕ ಹೋದರ ಪುಗ್ಗದಂಗ ಉಬ್ಬಿ ಗುರ್ ಅಂತಾಳ.
ಎರಡು ದಿನ ಬಕೆಟಿನ್ಯಾಗ ಹೊಟ್ಟಿ ಅದ್ದಿ ಅದ್ದಿ ತಗದೆ,
ಹುಚ್ಚು ಇಳೀಲಿ ಅಂತ.
ತೊಯ್ದ ಅರಿವಿಯಂಗ ನಡಕೋತ ಹೋಗಿ
ಮತ್ತ ಅಲ್ಲೇ ಕುಂತಳು.
ನಾನೂ ಬಿಟ್ಟೆ. ಬೇಯ್ಲಿ.

ಹತ್ತನೇ ದಿನವೋ ಏನೋ,
ಖಾಲಿ ಡಬ್ಬಿ ಹಿಡಕೊಂಡು ಹಿತ್ತಲಕ್ಕ ಬಂದರ
ಚುಕ್ಕಿ ಎದ್ದು ನಿಂತಾಳ.
ಬಿಟ್ಟಳು, ಅಂದುಕೊಂಡೆ. ಒಳ್ಳೇದಾತು.
ಎತ್ತಾಕ ಕೈ ಹಾಕಿದೆ.
ಕುಕ್ಕಿದಳು.

ಹೊಟ್ಟಿ ತತ್ತಿಗೆ ಹತ್ತಿರಲಿಲ್ಲ.
ಎರಡೂ ರೆಕ್ಕಿ ಛತ್ರಿಯಂಗ ಅರ್ಧ ಬಿಚ್ಚಿ,
ಕಾಲು ನಡಗತಿದ್ದರೂ ಬಗ್ಗದ,
ಬಿಸಲು ಸರದಾಂಗ ಬೆರಳಷ್ಟು ಬೆರಳಷ್ಟು
ತಾನೂ ಸರೀತಿದ್ದಳು.
ಹನ್ನೊಂದೂ ನೆರಳಾಗಿದ್ದವು.

ಕಾಯೂದು ಅಂದರ ಬಿಸಿಯಾಗೂದು ಅಂತ ತಿಳದಾಂವ ನಾನು.
ತಗಡು ಕಾಯ್ತದ, ಕಲ್ಲು ಕಾಯ್ತದ,
ತಲಿ ಕಾಯ್ತದ ಮುಕಾದಮ ಬೈದರ.
ಇಕಿ ಬ್ಯಾರೆ ಕಾಯಾಕತ್ತಿದ್ದಳು.

ಯಮನವ್ವ ಬಾಗಲಾಗ ನಿಂತು ನೋಡಿದಳು.
ಬೀಗರ ಮಾತು ಆಡಲಿಲ್ಲ.
ಒಳಗ ಹೋಗಿ, ಮದುವಿ ವರ್ಷ ತಗೊಂಡ ಕೆಂಪು ಸೀರಿ,
ಸೆರಗು ಹರದದ್ದು, ತಂದಳು.
ಕುಡಿಯೂ ಕೊಡದಾಗ ಅದ್ದಿದಳು.
ನಾನು ಬಾಯಿ ತಗದೆ, ಅವತ್ತು ಸೋಮವಾರ.
ಆಕಿ ನನ್ನ ಕಡೆ ನೋಡಲಿಲ್ಲ.
ಗ್ವಾಡಿಯ ಮೊಳಿಯಿಂದ ಬಿದಿರು ಗಳಕ್ಕ ಕಟ್ಟಿದಳು.
ಟೈರಿನ ಮ್ಯಾಲೆ ಹನಿ ಬೀಳಾಕತ್ತಿತು, ಕೆಂಪಗ.
ಬಣ್ಣ ಇನ್ನೂ ಬಿಡತಿತ್ತು ಆ ಸೀರಿ.

ಅದರ ಕೆಳಗ ಚುಕ್ಕಿ
ಒಂದೊಂದ ಕಾಲು ಮಡಚಿ ಕುಂತಳು.

ಹನ್ನೊಂದರಾಗ ಮೂರು ಬಿರದವು.
ಒಂದನ್ನ ಕಾಗಿ ಒಯ್ತು.
ಎಸ್ಪೆರಾನ್ಸಾ ಬಾಯಿ ಕೇಳ್ಯಾಳ ಇನ್ನೊಂದನ್ನ,
ಎಷ್ಟು ಬಕೆಟ್ ಅಂತ ಮಾತಾಡಬೇಕು.

ಉಳಿದ ಎಂಟು ಒಗದು ಬರಾಕ ದಿಬ್ಬದ ಅಂಚಿಗೆ ಹೋದೆ.
ಟಾವೆಲಿನ್ಯಾಗ ಕಟ್ಟಿದ್ದೆ.
ಇನ್ನೂ ಬೆಚ್ಚಗಿದ್ದವು.
ಅದು ಚುಕ್ಕೀದೋ, ತಗಡಿಂದೋ,
ಗೊತ್ತಾಗಲಿಲ್ಲ.
ಸ್ವಲ್ಪ ಹೊತ್ತು ಹಂಗ ಹಿಡಕೊಂಡು ನಿಂತೆ.