ಬಳ್ಳಾರಿ ಜಾಲಿ

ಫೋನಿನೊಳಗೊಂದು ಕುರ್ಚಿ.
ಕಾಲು ಸೊಟ್ಟ, ತೊಗಟೆ ಪೂರ್ತಿ ಬಿಡಿಸಿಲ್ಲ,
ಬೆನ್ನಿಗೆ ಅರ್ಧ ಬಂಡಿಗಾಲಿ.
"ಇಂಥವು ಇಪ್ಪತ್ತು ಬೇಕು" ಎಂದ
ಕುಡತಿನಿ ದಾಟಿದ ಮೇಲೆ ಡಾಬಾ ಕಟ್ಟುತ್ತಿರುವ ಸಾಹುಕಾರ.
"ಕೌಬಾಯ್ ಸ್ಟೈಲು."

ಕೌಲ್ ಬಜಾರಿನ ತಗಡಿನ ಶೆಡ್ಡಿನಲ್ಲಿ
ಮೌನಾಚಾರಿ ತಾತ ಕನ್ನಡಕ ಹಣೆಗೇರಿಸಿ
ಫೋನನ್ನು ದೂರ ಹಿಡಿದರು, ಹತ್ತಿರ ಹಿಡಿದರು.
"ಮಾಡಿದೋನು ಇನ್ನೂ ಕಲಿತಾ ಇದ್ದಾನೇನು?
ನಮ್ಮಪ್ಪ ಕಂಡಿದ್ದರೆ
ಬಾಚಿಯ ಕಾವಿನಿಂದ ಬೆರಳಿಗೆ ಕೊಡ್ತಿದ್ದ."

ಕೌಬಾಯ್ ಅಂದರೇನು ಶಮೀಮಾ ಅಂತ ನನ್ನ ಕೇಳಿದರು,
ಶೆಡ್ಡಿನ ಈ ಕಡೆ ಜೀನ್ಸಿಗೆ ಜೇಬು ಕೂಡಿಸುತ್ತಿದ್ದ ನನ್ನ.
"ದನ ಕಾಯೋ ಹುಡುಗ, ತಾತ."
ನಕ್ಕರು, ಕೆಮ್ಮು ಬರುವವರೆಗೆ.
"ದನ ಕಾಯೋನಿಗೆ ಕುರ್ಚಿ!
ಏಳು ವರ್ಷ ಕಾದೀನಿ ಹಗರಿ ದಂಡೆಯಲ್ಲಿ.
ಕೋಲಿಗೆ ಆನಿಕೊಂಡು ಒಂಟಿಕಾಲಲ್ಲಿ ನಿಲ್ಲೋದು,
ಅದೇ ನಮ್ಮ ಕುರ್ಚಿ.
ಕೂತರೆ ಎಮ್ಮೆ ಹೊಲಕ್ಕೆ ಬೀಳ್ತದೆ,
ಬೈಗುಳ ಮನೆಗೆ ಬರ್ತದೆ."

ಕಟ್ಟಿಗೆ ಯಾವುದು?
ಚೀಟಿಯಲ್ಲಿ ಬರೆದಿತ್ತು: ಮೆಸ್ಕೀಟ್.
"ಮಸೀದಿಯಾ?" ಅಂದರು ತಾತ.
ನಾನು ಚಿತ್ರ ಹಿಗ್ಗಿಸಿದೆ. ಸಣ್ಣ ಎಲೆ, ಉದ್ದ ಕಾಯಿ,
ಬುಡದಲ್ಲಿ ಎರಡೆರಡು ಮುಳ್ಳು.
ಇಬ್ಬರೂ ಒಟ್ಟಿಗೇ ಸುಮ್ಮನಾದೆವು.

ರೈಲ್ವೆ ಹಳಿ ಪಕ್ಕ, ಕೆರೆಯಂಗಳದಲ್ಲಿ,
ಸತ್ತ ಗಣಿಯ ಕೆಂಪು ದಿಬ್ಬದ ಮೇಲೆ
ಯಾರೂ ನೀರು ಹನಿಸದೆ ಬೆಳೆದದ್ದು.
ಸಮುದ್ರದ ಆಚೆಯ ಗಿಡ,
ಹೆಸರು ಮಾತ್ರ ನಮ್ಮೂರಿನದು.
ಮೈಸೂರು ಕಡೆಯವರು ಅದನ್ನು ಕಡಿಯುತ್ತ ಬೈಯುವಾಗ
ನಮ್ಮನ್ನೂ ಸೇರಿಸಿಯೇ ಬೈಯುತ್ತಾರೆ.

ಇದ್ದಿಲು ಸುಡುವ ಝಮಕಿಬಾಯಿ
ಗೂಡಿಗೆ ಒಟ್ಟಿದ್ದ ಬೊಡ್ಡೆಗಳಲ್ಲಿ ದಪ್ಪನೆಯವನ್ನು ಎಳೆದು ಕೊಟ್ಟಳು.
"ಇದರ ಮೇಲೆ ಕೂರ್ತಾರಾ? ದುಡ್ಡು ಕೊಟ್ಟು?"
ಮತ್ತೆ ಸ್ವಲ್ಪ ಯೋಚಿಸಿ,
ಇದ್ದಿಲ ರೇಟಿಗೆ ಬರೋದಿಲ್ಲ ಅಂದಳು.

ಮೂರು ಗರಗಸದ ಹಲ್ಲು ಹೋಯಿತು.
ಸೀಳಿದರೆ ಒಳಗೆ ಕೊಪ್ಪರಿಗೆಯಲ್ಲಿ ಆಗತಾನೆ ಕುದ್ದ ಬೆಲ್ಲದ ಬಣ್ಣ.
ಮೂಲೆಗೆ ಒರಗಿಸಿದ್ದ ಒಂದು ತುಂಡು
ಎಂಟನೇ ದಿನ ಚಿಗುರಿತು.
"ನಾಚಿಕೆ ಇಲ್ಲೇನೇ ನಿನಗೆ" ಎಂದರು ತಾತ,
ಮನೆಯ ಹುಡುಗಿಗೆ ಅಂದ ಹಾಗೆ.

ಕಷ್ಟವಾದದ್ದು ಕಟ್ಟಿಗೆಯಲ್ಲ, ಕೈ.
ಸೊಟ್ಟ ಕಂಡಲ್ಲೆಲ್ಲ ಉಜ್ಜುಗೊರಡು ತಾನಾಗಿ ಹೋಗುತ್ತದೆ.
"ಬಿಡು, ಬಿಡು" ಅಂತ ತಮ್ಮ ಬಲಗೈಗೆ
ಎಡಗೈಯಿಂದ ಹೊಡೆದುಕೊಳ್ಳುತ್ತಿದ್ದರು.
ಅರವತ್ತೆಂಟಕ್ಕೆ ಕಲಿತ ಹೊಸ ವಿದ್ಯೆ:
ಸೊಟ್ಟವನ್ನು ಸೊಟ್ಟಕ್ಕೇ ಬಿಡುವುದು.
ಆದರೂ ಯಾರೂ ಬಗ್ಗಿ ನೋಡದ ಕಡೆ,
ಕಾಲು ಸೀಟನ್ನು ಸೇರುವ ಕತ್ತಲಲ್ಲಿ,
ಕಚ್ಚಿಗೆ ಕಚ್ಚು, ಕೂದಲು ತೂರದಂತೆ ಕೂಡಿಸಿದರು.
ಮೊಳೆ ಇಲ್ಲ. ಅದು ಅವರ ಕಳ್ಳತನ.

ಸೀಟು ನನ್ನದು.
ಕತ್ತರಿಯ ಕೆಳಗೆ ಬಿದ್ದ ಜೀನ್ಸಿನ ಪಟ್ಟಿಗಳು,
ಗಾಢ ನೀಲಿ, ತೊಳೆದ ನೀಲಿ, ಕಲ್ಲಲ್ಲಿ ಉಜ್ಜಿದ ಬೂದಿ ನೀಲಿ.
ಅಮ್ಮಿ ಹೊರಸಿಗೆ ನುಲಿ ಎಳೆಯುತ್ತಿದ್ದಂತೆ
ಹಲ್ಲಲ್ಲಿ ತುದಿ ಕಚ್ಚಿ, ಮೊಣಕಾಲು ಒತ್ತಿ ಹೆಣೆದೆ.
ಬೆರಳು ವಾರವೆಲ್ಲ ನೀಲಿ.
ರೊಟ್ಟಿಯ ಮೇಲೂ ಬಿತ್ತು ಅಚ್ಚು.

ಸಾಹುಕಾರ ಬಂದ. ಒಂದರಲ್ಲಿ ಕೂತು ಅಲುಗಾಡಿದ.
"ಸ್ವಲ್ಪ ಕಿರ್ ಅನ್ನಬೇಕಿತ್ತು. ಹಳೇದು ಅನ್ನಿಸಬೇಕು."
ತಾತ ಬೀಡಿ ಆರಿಸಿದರು.
"ಕಿರ್ ಅನ್ನಿಸೋ ಬಡಿಗೇರು ಬೇರೆ ಇದ್ದಾರೆ.
ವಿಳಾಸ ಕೊಡ್ತೀನಿ."
ಅವನು ಎಣಿಸಿ ದುಡ್ಡು ಕೊಟ್ಟ. ಇನ್ನೂರು ಕಮ್ಮಿ.

ಕಟ್ಟಿಗೆ ಉಳಿದಿತ್ತು, ಇಪ್ಪತ್ತೊಂದನೆಯದೂ ಆಯಿತು.
ಶೆಡ್ಡಿನ ಬಾಗಿಲಲ್ಲಿ ಇದೆ.
ಚಹಾದ ಹುಡುಗ ಕೂರುತ್ತಾನೆ, ಬೆಕ್ಕು ಮಲಗುತ್ತದೆ,
ಝಮಕಿಬಾಯಿ ಒಮ್ಮೆ ಬಂದವಳು
ಸೆರಗಿನಿಂದ ಒರೆಸಿ, ತುದಿಯಲ್ಲಿ ಕೂತು, ತಕ್ಷಣ ಎದ್ದಳು.
ತಾತ ಮಾತ್ರ ಕೂತದ್ದನ್ನು ನಾನು ಕಂಡಿಲ್ಲ.
ಸಂಜೆ ಕುರಿಮಂದೆ ರಸ್ತೆ ದಾಟುವ ಹೊತ್ತಿಗೆ
ಅದರ ಪಕ್ಕ ನಿಲ್ಲುತ್ತಾರೆ,
ಅಳತೆಯ ಪಟ್ಟಿಗೆ ಆನಿಕೊಂಡು,
ಎಡಪಾದ ಬಲ ಮೊಣಕಾಲಿಗೆ ಹಚ್ಚಿ.