ಒಂದು ತೇರ್ಸಿನಷ್ಟು ನೀರು

"ಎಷ್ಟು ವರ್ಷ ಬಾಳತೈತಿ ಈ ಪಂಪು?"
ನಾನಿನ್ನೂ ಸ್ಕ್ರೂ ಬಿಚ್ಚಿರೂದಿಲ್ಲ,
ಸುಟ್ಟ ವಾರ್ನಿಶಿನ ವಾಸನಿ ಮೂಗಿನಾಗ ಇರತೈತಿ,
ಕೇಳೇ ಬಿಡತಾರ.
ಹತ್ತು ಅನ್ನಲೇನು, ಇಪ್ಪತ್ತು ಅನ್ನಲೇನು?
ನಾನು ತಾಮ್ರ ಸುತ್ತಾಕಿ,
ಗಿಣಿಶಾಸ್ತ್ರ ಹೇಳಾಕಿ ಅಲ್ಲ.

ಮಾಪ್ಸಾದಾಗ ನಮ್ಮ ಅಂಗಡಿ,
ಮೀನಪ್ಯಾಟಿ ಗಾಳಿ ಬಂದು ಹೋಗೂ ಅಷ್ಟು ದೂರ.
ಗಜೇಂದ್ರಗಡದಿಂದ ಬಂದ ಅಪ್ಪ ಇಲ್ಲಿ ಡಾಂಬರು ಹಾಕತಿದ್ದ.
ನನ್ನ ಬೆರಳು ನೋಡಿ ಪಾರ್ಸೇಕರ ಮಾಸ್ತರು ಅಂದ್ರು,
"ಈ ಹುಡುಗಿ ಕೈ ಸ್ಲಾಟಿನಾಗ ಹೋಗತೈತಿ, ಬಿಟ್ಟು ಹೋಗು."
ಹತ್ತೊಂಬತ್ತು ವರ್ಷ ಆತು ಬಿಟ್ಟು ಹೋಗಿ.

ಆಲ್ದೋನಾದ ಕಾಯ್ತಾನ್, ಊರಿಗೆ ಪಾವು ಸುಡಾಂವ.
ನಸುಕಿನ ಮೂರಕ್ಕ ಹಿಟ್ಟಿಗೆ ನೀರು ಬೇಕು ಅವಗ.
ಹಿತ್ತಲದಾಗ ಕೆಂಪುಗಲ್ಲು ಕಡದು ಇಳಿಸಿದ ಬಾಂವಿ,
ದಂಡಿ ಮ್ಯಾಲ ಒಂದು ಎಚ್‌ಪಿ ಮೋಟಾರು,
ಅವನ ಲಗ್ನದ ವರ್ಷ ಕೂಡಿಸಿದ್ದು.
ಇಪ್ಪತ್ತಾರು ವರ್ಷಕ್ಕ ಎರಡು ಸೀಲು, ಒಂದು ಬೇರಿಂಗು,
ಇಷ್ಟರಾಗ ಸಂಸಾರ ತೂಗಿಸಿತ್ತು.

ಹ್ಯಾಂಗ ಅಂತೀರಿ?
ಅವನ ಅತ್ತಿ, ಕೊನ್ಸೆಸಾಂವ್,
ರಾತ್ರಿ ಊಟಕ್ಕ ಮೊದಲ ಒಂದು ಚರಿಗಿ ನೀರು
ಪಂಪಿನ ಬಾಯಿಗೆ ಹೊಯ್ದು
(ಕುಡಿಸದ ಎಳಿಯಂಗಿಲ್ಲ ಅದು)
ಸ್ವಿಚ್ ಒತ್ತಿ, ಶಿಲುಬಿ ಮುಂದ ಮೊಣಕಾಲೂರಿ
ತೇರ್ಸ ಹಿಡೀತಿದ್ದಳು.
ಐವತ್ತು ಮಣಿ,
ನಡುವ ಮೊಮ್ಮಕ್ಕಳಿಗೆ ಎರಡು ಬೈಗಳ,
ಕಡೀ ಆಮೆನ್ನಿಗೆ ಟಾಕಿ ತುಂಬಿ
ಮಾಡಿನ ಮ್ಯಾಲ ಚಳ್ ಅಂತಿತ್ತು.
ಇಪ್ಪತ್ತೆರಡು ನಿಮಿಷ. ದಿನಕ್ಕ ಒಂದ ಸಲ.
ಆಮ್ಯಾಲ ಮರುದಿನದ ತೇರ್ಸಿನ ತನಕ
ಬಾಂವಿ ತನ್ನಷ್ಟಕ್ಕ ತಾನು ಒಸರತಿತ್ತು,
ಮೋಟಾರು ಮೈ ಆರಿಸಿಕೊಂತಿತ್ತು.

ಕೆಡಿಸಿದಾಕಿ ನಾನ.
"ಅಜ್ಜಿ ಮರೀತಾಳ, ಆಟೋಮ್ಯಾಟಿಕ್ ಹಾಕು" ಅಂದ ಕಾಯ್ತಾನ್.
ಟಾಕಿಗೆ ಫ್ಲೋಟ್ ಸ್ವಿಚ್ ಹಾಕಿದೆ, ದಾರ ಗಿಡ್ಡ ಕಟ್ಟಿದೆ,
ಹದಿನಾಲ್ಕುನೂರು ಎಣಿಸಿಕೊಂಡೆ.
ಎರಡು ಬೆರಳು ನೀರು ಇಳಿದರ ಸಾಕು,
ಮೋಟಾರು ಧಡಕ್ಕನ ಏಳತಿತ್ತು.
ಏಳೂದ ತ್ರಾಸು ಅದಕ್ಕ, ಓಡೂದಲ್ಲ:
ಒಂದೊಂದು ಸಲ ಏಳಾಗ
ಐದಾರು ಪಟ್ಟು ಕರೆಂಟು ನುಂಗತೈತಿ,
ತಂತಿ ನರ ಬಿಗೀತೈತಿ.
ಸಂಡಾಸದ ಫ್ಲಶ್ ಒಂದು ಸೋರತಿತ್ತು ಅಂತ
ಯಾರಿಗೂ ತಿಳಿದಿರಲಿಲ್ಲ.
ಮಲಗು, ಏಳು, ಮಲಗು, ಏಳು, ಬೆಳತನಕ.
ಹಸಗೂಸಿನ ತಾಯಿ ಹಂಗ.

ಎರಡನೇ ಮೇ ತಿಂಗಳು.
ಟಾಕಿ ಇಳಿದದ್ದು ಫ್ಲೋಟಿಗೆ ಗೊತ್ತು,
ಬಾಂವಿ ಇಳಿದದ್ದು ಅದಕ್ಕ ಯಾರು ಹೇಳಬೇಕು?
ರಾತ್ರಿಯೆಲ್ಲಾ ಬರೇ ಗಾಳಿ ಎಳದು,
ಸೀಲು ಒಡದು,
ನಸುಕಿನ್ಯಾಗ ನಿಂತಿತು.
ಅವತ್ತು ಆಲ್ದೋನಾದಾಗ
ಪಾವಿನ ಸೈಕಲ್ಲು ಪೋಂ ಪೋಂ ಅನ್ನಲಿಲ್ಲ.

ರಿಕ್ಷಾದಾಗ ತೊಡಿ ಮ್ಯಾಲ ಇಟಗೊಂಡು
ಮುದುಕಿನ ತಂದಳು ಮೋಟಾರು.
ಬಿಚ್ಚಿದೆ. ಒಳಗ ತಾಮ್ರ
ಮರತು ಬಿಟ್ಟ ಪಾವಿನ ತಳದಂಗ ಕಪ್ಪು.
ತಪ್ಪು ನಂದು ಅಂದೆ.
ಅಕಿ ಏನೂ ಅನ್ನಲಿಲ್ಲ, ಸ್ಟೂಲ್ ಎಳಕೊಂಡು ಕುಂತಳು.
ಹೊಸಾ ತಂತಿ ಸುತ್ತಾಕ ಹತ್ತಿದೆ,
ಮೂವತ್ತೊಂದು, ಮೂವತ್ತೆರಡು,
ತುಟಿ ಅಲ್ಲಾಡೂದು ನೋಡಿ ಕೇಳಿದಳು:
"ಯಾವ ದೇವರದು?"
"ತಂತಿದು" ಅಂದೆ, ಲೆಕ್ಕಾ ತಪ್ಪಿತು,
ಮೊದಲಿಂದ ಸುತ್ತಿದೆ.

ಫ್ಲೋಟು ತಗದೆ, ಫ್ಲಶ್ಶಿಗೆ
ಹನ್ನೆರಡು ರೂಪಾಯಿ ವಾಶರ್ ಹಾಕಿದೆ.
ರಿವೈಂಡಿಂಗಿಗೆ ದುಡ್ಡು ಮುಟ್ಟಲಿಲ್ಲ,
ಒಂದು ಚೀಲ ಪಾವು ಕೊಟ್ಟರು, ತಗೊಂಡೆ.

ಎಷ್ಟು ವರ್ಷ ಅಂತ ಈಗಲೂ ಕೇಳತಾರ.
ದಿನಕ್ಕ ಎಷ್ಟು ಸಲ ಎಬ್ಬಸತೀರಿ, ಅದನ್ನ ಹೇಳ್ರಿ ಮೊದಲ
ಅಂತೀನಿ ನಾನು.
ಆಲ್ದೋನಾದಾಗ ಈಗ ತೇರ್ಸ ಮೊಮ್ಮಗಳದು, ಆವ್ರೀನಾ.
ಅಜ್ಜಿ ಮೊಣಕಾಲು ಹಿಡದಾವಂತ.
ಹುಡುಗಿ ಮೊಬೈಲು ನೋಡಕೋತ ಮಣಿ ಜಿಗಸತೈತಿ,
ಟಾಕಿ ಮುಕ್ಕಾಲಕ್ಕ ನಿಲ್ಲತೈತಿ,
ಕಾಯ್ತಾನ್ ದಿನಾ ಒದರತಾನ.
ಮೋಟಾರಿಗೆ ಮಾತ್ರ ಬಾಳ ಚಲೋ.