ಕಾಜಾ

ತಿಪ್ಪೇರುದ್ರ ಬಾನೆಟ್ಟಿಗೆ ಒರಗಿ
'ಕಾಜಾಕ್ಕೆ ಹೋಗಬೇಕು' ಅಂದಾಗ ನಕ್ಕುಬಿಟ್ಟೆ.
ಕೌಲ್ ಬಜಾರಿನ ಈ ಓಣಿಯಲ್ಲಿ
ದಿನಕ್ಕೆ ನಾನೂರು ಕಾಜಾ ನಮ್ಮ ಮನೆಯಲ್ಲೇ ಆಗ್ತಾವೆ,
ಮಾಬುನ್ನಿಯ ಮಷೀನಿನ ಸೂಜಿ ಕೆಳಗೆ,
ಪ್ಯಾಂಟಿಗೊಂದು, ಗುಂಡಿ ನುಂಗುವಷ್ಟು ಬಾಯಿ.

ಅದಲ್ಲೋ ಹೊನ್ನೂರ್ವಲಿ, ಊರು.
ಹಿಮಾಚಲದ ಆ ತುದಿ.
ಒಳಗೆ ಉಣ್ಣೆ ಕೊಟ್ಟು ಹೊಲಿದ ಜೀನ್ಸು, ಎಂಬತ್ತು ಗಂಟು.
ಜನವರಿ. ರಾತ್ರಿ
ಸೊನ್ನೆಗಿಂತ ಇಪ್ಪತ್ತೈದು ಕೆಳಗೆ.

ಸೊನ್ನೆಯ ಕೆಳಗೆ ಏನಿರುತ್ತೆ ಅಂತ ನಾನು ಕೇಳಲಿಲ್ಲ.
ಮೂವತ್ತು ವರ್ಷದಲ್ಲಿ ನನ್ನ ಪಾನೆ ಕಲಿತದ್ದು
ಒಂದೇ ವಿದ್ಯೆ, ಕಾವು ಇಳಿಸೋದು.
ಸಂಡೂರಿನ ಘಾಟಿ ಹತ್ತಿ ಉಸಿರು ಕಟ್ಟಿ ಬಂದ ಗಾಡಿಗೆ
ಒದ್ದೆ ಗೋಣಿ, ಎರಡು ಕೊಡ ನೀರು, ಒಂದು ಬೈಗುಳ.
ಮೇ ತಿಂಗಳಲ್ಲಿ ಕಬ್ಬಿಣ ಮುಟ್ಟಿದರೆ ಬೆರಳಿಗೆ ಬೊಬ್ಬೆ.
ಅಲ್ಲಿ ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತಂತೆ.

ಇನ್ನೊಂದು ಮಾತಿತ್ತು.
ಈ ಪಿಕಪ್ಪಿನ ಥರ್ಮೋಸ್ಟಾಟ್ ಕಿತ್ತವನು ನಾನೇ,
ಮೂರು ಬೇಸಿಗೆ ಹಿಂದೆ, ಅವನು ಚಾ ಕುಡಿಯಲು ಹೋದಾಗ.
ಬಳ್ಳಾರಿಗೆ ಇದೆಲ್ಲ ಯಾಕೆ ಅಂತ.
ಅಂದಿನಿಂದ ಅದು ಫ್ಯಾನಿನ ಗಾಳಿಗೆ ಹಾರದಂತೆ
ನನ್ನ ಉದ್ರಿ ಚೀಟಿಗಳ ಮೇಲೆ ಕೂತಿತ್ತು.
ಹೇಳಿದೆ.
ಅವನು ಬೀಡಿ ಮುಗಿಯುವ ತನಕ ಸುಮ್ಮನಿದ್ದು
'ಅದಕ್ಕೇ ಹೀಟರು ತಣ್ಣಗೆ ಊದ್ತಿತ್ತಾ' ಅಂದ.
ಬಳ್ಳಾರಿಯಲ್ಲಿ ಹೀಟರು ಹಾಕಿ ನೋಡಿದ ಒಬ್ಬನೇ ಒಬ್ಬ!

ಚಾ ಪಾತ್ರೆಯಲ್ಲಿ ನೀರು ಕುದಿಸಿ
ಅದನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟೆವು.
ಮಾಬುನ್ನಿಯೂ ಬಗ್ಗಿ ನೋಡಿದಳು.
ಬಹಳ ಹೊತ್ತು ಏನಿಲ್ಲ. ಆಮೇಲೆ ಮೆಲ್ಲಗೆ
ಬಾಯಿ ತೆರೆಯಿತು.

ಡೀಸೆಲ್ಲಿನ ಚಿಂತೆ ಬೇರೆ.
ಐಸ್ ಫ್ಯಾಕ್ಟರಿಯ ಯಂಕಣ್ಣನ ಕಾಲು ಹಿಡಿದು
ಉಪ್ಪುನೀರಿನ ತೊಟ್ಟಿಯಲ್ಲಿ, ಮೀನಿನಂಗಡಿಯ ಗಡ್ಡೆಗಳ ಪಕ್ಕ
ಎರಡು ಸೀಸೆ ಮುಳುಗಿಸಿ ಬಂದೆ.
ಬೆಳಿಗ್ಗೆ ನೋಡಿದರೆ
ಬರೀ ಡೀಸೆಲ್ಲು ಮಾಗಿಯ ಕೊಬ್ಬರಿ ಎಣ್ಣೆಯ ಹಾಗೆ ಮಬ್ಬು,
ಸೀಮೆಎಣ್ಣೆ ಬೆರೆಸಿದ್ದು ಇನ್ನೂ ಕುಲುಕುತ್ತಿತ್ತು.
ಹಳೇ ಪಂಪಿನ ಗಾಡಿ, ತಡೆದುಕೊಳ್ಳುತ್ತೆ.
ಯಂಕಣ್ಣ ಕೇಳಿದ: ಇಷ್ಟೇ ಚಳಿನಾ ಅಲ್ಲಿ?
ಇಂಥ ಎರಡು ಫ್ಯಾಕ್ಟರಿ ಅಂದೆ.

ಕೂಲೆಂಟು ಅರ್ಧಕ್ಕರ್ಧ. ತೆಳು ಆಯಿಲ್ಲು. ಹೊಸ ಬ್ಯಾಟರಿ.
ಬಟ್ಟೆ ಹಗುರ, ಹಿಂದಿನ ಗಾಲಿ ಜಾರುತ್ತೆ ಅಂತ
ಆರು ಚೀಲ ಅದಿರಿನ ಪುಡಿ ಅಚ್ಚಿನ ಮೇಲೇ ಹೇರಿದೆವು.
ಸಿಕ್ಕಿಬಿದ್ದರೆ ಬಿಚ್ಚಿ ಗಾಲಿಯ ಕೆಳಗೆ ಎರಚು,
ಹಿಮದ ಮೇಲೆ ನಮ್ಮ ಕೆಂಪು ಧೂಳು ಬೀಳಲಿ.
ರಾತ್ರಿ ಹ್ಯಾಂಡ್‌ಬ್ರೇಕ್ ಎಳೀಬೇಡ, ಹೆಪ್ಪುಗಟ್ಟುತ್ತೆ,
ಗೇರಿಗೆ ಹಾಕಿ ಗಾಲಿಗೆ ಕಲ್ಲು ಕೊಡು.

ಕೊನೆಯ ದಿನ ಮಾಬುನ್ನಿ
ಕತ್ತರಿಸಿ ಉಳಿದ ಡೆನಿಮ್ ಚೂರುಗಳನ್ನೆಲ್ಲ ಕೂಡಿಸಿ
ಮೂರು ಪದರದ ಕೌದಿ ಹೊಲಿದು ತಂದಳು,
ರೇಡಿಯೇಟರಿನ ಮುಂದಕ್ಕೆ.
ಸುತ್ತ ಹನ್ನೆರಡು ಕಾಜಾ, ಹನ್ನೆರಡು ಹಿತ್ತಾಳೆ ಗುಂಡಿ.
ಘಾಟಿ ಏರುವಾಗ ನಾಲ್ಕು ಬಿಚ್ಚು, ಇಳಿಯುವಾಗ ಹಾಕು
ಅಂತ ಮಗುವಿಗೆ ಸ್ವೆಟರು ಕೊಟ್ಟಂತೆ ಹೇಳಿದಳು.

ಹತ್ತನೇ ದಿನ ನಸುಕಿಗೆ ಫೋನು.
ಮಾತಿಲ್ಲ. ಫೋನನ್ನು ಎಂಜಿನ್ನಿಗೇ ಹಿಡಿದಿದ್ದಾನೆ.
ಸೆಲ್ಫು ನರಳಿತು, ನಿಂತಿತು.
ಮತ್ತೆ ನರಳಿತು.
ಮಾಬುನ್ನಿ ಪೆಡಲಿನಿಂದ ಕಾಲು ತೆಗೆದಳು.
ಮೂರನೆಯದಕ್ಕೆ ಮುದುಕನ ಹಾಗೆ ಕೆಮ್ಮಿ, ಕೆಮ್ಮಿ,
ಹಿಡಿಯಿತು.

'ಕೌದಿಯ ಒಂದು ಕಾಜಾ ಹರಿದೈತೆ' ಅಂದ ತಿಪ್ಪೇರುದ್ರ,
ಹಲ್ಲು ಕಟಕಟಿಸುತ್ತಾ.

'ಯಾವುದು?' ಅಂದಳು ಇವಳು.
'ಕೇಳು, ಯಾವುದು?'